ಎಡಗತ್ತರಿಯ ಎಡವಟ್ಟಕ್ಕ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಗಲ್ಲಿಯ ಕೊನೆಯ ಶೆಡ್ಡಿನಲ್ಲಿ ಸಾಣೆ ಚಕ್ರ ಆಗಲೇ ಕಿರುಚಾಟ ಶುರುಮಾಡಿದೆ. ಕಿಡಿಗಳ ಮಧ್ಯೆ ರವಿಕೆಯ ತೋಳು ಮೇಲಕ್ಕೆ ಮಡಚಿ ಕೂತಿರುವುದೇ ನಮ್ಮ ಕಥಾನಾಯಕಿ. ಸಿನಿಮಾದಲ್ಲಾದರೆ ಇಂಥ ಎಂಟ್ರಿಗೆ ಶಿಳ್ಳೆ ಬೀಳಬೇಕು. ಇಲ್ಲಿ ಬೀಳುವುದು ನಿದ್ದೆ ಕೆಟ್ಟ ಪಕ್ಕದ ಮನೆಯವರ ಶಾಪ ಮಾತ್ರ. ಎಡಗೈಯಲ್ಲಿ ಕತ್ತರಿಯ ಅಲಗು ಹಿಡಿದು ಕಲ್ಲಿಗೆ ಒತ್ತುತ್ತಾರೆ, ಬೆಳಕಿಗೆ ಹಿಡಿದು ನೋಡುತ್ತಾರೆ, ಮೂಗು ಮುರಿದು ಮತ್ತೆ ಒತ್ತುತ್ತಾರೆ.

ಇವರನ್ನು ಊರೆಲ್ಲ ಕರೆಯುವುದು ಎಡವಟ್ಟಕ್ಕ ಎಂದು. ಎದುರಿಗೇ ಕರೆಯುತ್ತಾರೆ, ಇವರೂ ಓಗೊಡುತ್ತಾರೆ. ಹೆಸರು ಬಂದದ್ದು ಮದುವೆಯಾದ ಹೊಸತರಲ್ಲಿ. ಕತ್ತರಿ ಮಾಡುವ ಮಾವ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ಕೆಲಸ ಕಲಿಸಿದರು. ಎಡಚಿ ಸೊಸೆ ಕಂಡದ್ದನ್ನು ಕಂಡಹಾಗೆ, ಕನ್ನಡಿಯಲ್ಲಿ ನೋಡಿ ಮಾಡಿದಂತೆ ಮಾಡಿದರು. ಮೇಲೆ ಬರಬೇಕಾದ ಅಲಗು ಕೆಳಗೆ, ಕೆಳಗಿನದು ಮೇಲೆ. ಇಡೀ ಕತ್ತರಿ ಉಲ್ಟಾ. ಮಾವ ಅದನ್ನು ಕುಲುಮೆಗೆ ಎಸೆಯಲು ಕೈ ಎತ್ತಿದ್ದರು. ಸಾಣೆ ಹಿಡಿಸಲು ಬಂದಿದ್ದ ದರ್ಜಿಯೊಬ್ಬ, ಅವನೂ ಎಡಚನೇ, ಅದನ್ನು ಕಿತ್ತುಕೊಂಡು ಬಟ್ಟೆ ಕತ್ತರಿಸಿ ನೋಡಿದ. "ಇದನ್ನ ವಾಪಸ್ ಕೊಡಲ್ಲ ಯಜಮಾನ್ರೇ, ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ" ಎಂದು ಹೊರಟೇಬಿಟ್ಟ.

ಆಗ ಗಲ್ಲಿಯ ತುಂಬ ಕುಲುಮೆಗಳಿದ್ದವು. ಆಮೇಲೆ ಹೊರದೇಶದಿಂದ ಹಡಗಿನಲ್ಲಿ ಪೆಟ್ಟಿಗೆಗಟ್ಟಲೆ ಕತ್ತರಿ ಬಂದು ಇಳಿಯತೊಡಗಿತು. ಇಲ್ಲಿನವರು ಕಬ್ಬಿಣ ಕೊಳ್ಳುವ ಬೆಲೆಗೆ ಅಲ್ಲಿನವರು ಹೊಳೆಯುವ ಕತ್ತರಿಯನ್ನೇ ಮಾರಿದರು. ಕುಲುಮೆಗಳು ಒಂದೊಂದಾಗಿ ಆರಿದವು. ಆ ಶೆಡ್ಡುಗಳಲ್ಲೇ ಈಗ ಹಡಗಿನ ಪೆಟ್ಟಿಗೆಗಳು ಹಾಯಾಗಿ ಮಲಗಿವೆ. ಮಾವನೂ ಹೋದರು. ಅಲಗಿಗೆ ಪಾಲಿಶ್ ಹಾಕುವ ಗಂಡ ಮತ್ತು ಬೆಂಕಿಯೆದುರಿನ ಎಡವಟ್ಟಕ್ಕ, ಇಷ್ಟೇ ಈಗ ಕಂಪನಿ. ಇವರನ್ನು ಉಳಿಸಿದ್ದು ಅಂದಿನ ಎಡವಟ್ಟಿನಿಂದ ಹುಟ್ಟಿದ ಎಡಗತ್ತರಿ. ಎಡಚರನ್ನು ಯಾವ ದೊಡ್ಡ ಕಾರ್ಖಾನೆಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಈಗ ಹಿಡಿದಿದೆ. ಇವರ ಮಾಲಿನ ಮುಕ್ಕಾಲು ಪಾಲು ಕೊಳ್ಳುವ ಸಗಟು ವ್ಯಾಪಾರಿ ಇವತ್ತು ಬೆಳಗ್ಗೆಯೇ ಪೆಟ್ಟಿಗೆ ಹೊರಿಸಿಕೊಂಡು ಬಂದಿದ್ದಾನೆ. ಹೊರದೇಶದ ಎಡಗತ್ತರಿಯಂತೆ. ಇವರು ಇನ್ನು ಬೆಂಕಿ ಮುಂದೆ ಬೇಯುವುದು ಬೇಡ, ಅದರ ಮೇಲೆ ಮಾವನ ಹೆಸರಿನ ಅಚ್ಚು ಹೊಡೆದುಕೊಟ್ಟರೆ ಸಾಕಂತೆ. ಎಡಚ ದರ್ಜಿಗಳು ಆ ಹೆಸರು ನೋಡಿಯೇ ಕೊಳ್ಳುವುದು. ಒಲ್ಲೆ ಎಂದರೆ ಇವರ ಮಾಲು ಅವನಿಗೂ ಬೇಡ.

ಎಡವಟ್ಟಕ್ಕ ಒಂದು ಕತ್ತರಿ ಎತ್ತಿಕೊಂಡು ಬಟ್ಟೆಗೆ ಇಡುತ್ತಾರೆ. ಬಟ್ಟೆ ಕತ್ತರಿಸುವುದಿಲ್ಲ, ಅಲಗಿನ ಮಧ್ಯೆ ಮಡಚಿಕೊಂಡು ಕೂರುತ್ತದೆ. ಕಾರ್ಖಾನೆಯವರು ಹಿಡಿಯನ್ನಷ್ಟೇ ಎಡಗೈಗೆ ತಿರುಗಿಸಿದ್ದಾರೆ, ಅಲಗು ಬಲಗೈಯದೇ. ಮೇಕಪ್ ಹಾಕಿದ ಡೂಪ್.

"ಅಕ್ಕಾ, ಪ್ರಪಂಚಾನೇ ಒಂದು ಅಂಗಡಿ ಆಗೋಗಿದೆ" ಎಂದು ವ್ಯಾಪಾರಿ ನಗುತ್ತಾನೆ. "ನೀವೊಬ್ರು ಅಡ್ಡ ನಿಂತ್ರೆ ಶಟರ್ ಎಳೀತಾರಾ?"

"ಅಂಗಡಿ ಒಂದೇ ಇರ್ಲಿ ಅಣ್ಣಾ. ಕೈ ಎಲ್ರದ್ದೂ ಒಂದೇನಾ?"

ಗಂಡ ಪಾಲಿಶ್ ನಿಲ್ಲಿಸಿ ನೋಡುತ್ತಾರೆ. ಈ ಮನುಷ್ಯ ಹೋದರೆ ಬರುವ ತಿಂಗಳು ಕುಲುಮೆ ಹೊತ್ತೀತೇ ಎಂಬ ಭಯ ಅವರ ಮುಖದಲ್ಲಿದೆ. ಎಡವಟ್ಟಕ್ಕನಿಗೂ ಆ ಲೆಕ್ಕ ಗೊತ್ತು. ಆದರೂ ಅಚ್ಚನ್ನು ಎತ್ತಿ ಮಡಿಲಲ್ಲಿಟ್ಟುಕೊಳ್ಳುತ್ತಾರೆ.

"ನಾನು ಹೊಡೀದೆ ಇರೋ ಕತ್ತರಿಗೆ ನಮ್ಮಾವನ ಹೆಸರು ಹೊಡೆಯಲ್ಲ. ಪೆಟ್ಟಿಗೆ ಎತ್ತಿಸಿ."

ಪೆಟ್ಟಿಗೆ ಹೋಗುತ್ತದೆ, ಅದರ ಹಿಂದೆ ವ್ಯಾಪಾರಿಯೂ. ಆಮೇಲೆ ಗಂಡ ಕೈ ಒರೆಸಿಕೊಂಡು ಫೋನ್ ತೆಗೆಯುತ್ತಾರೆ, ಗೊತ್ತಿರುವ ದರ್ಜಿಗಳಿಗೆ ತಾವೇ ನೇರವಾಗಿ ಕರೆ ಹಚ್ಚುತ್ತಾರೆ. ಮೊದಲ ಇಬ್ಬರು ಆಮೇಲೆ ನೋಡೋಣ ಎನ್ನುತ್ತಾರೆ. ಮೂರನೆಯವನು ಹೊರದೇಶಕ್ಕೆ ಅಂಗಿ ಹೊಲಿಯುವ ಫ್ಯಾಕ್ಟರಿಯಲ್ಲಿ ಬಟ್ಟೆ ಕತ್ತರಿಸುವವನು. ತನಗೊಂದು, ಜತೆಯ ಎಡಚರಿಗೆ ನಾಲ್ಕು ಬೇಕು ಎನ್ನುತ್ತಾನೆ.

"ನೋಡಿದ್ರಾ, ಅವ್ರ ಕತ್ತರಿ ತಂದ ಹಡಗಲ್ಲೇ ನನ್ನ ಕತ್ತರಿ ಕತ್ತರಿಸಿದ ಅಂಗಿ ಹೋಗುತ್ತೆ" ಎಂದು ಗಂಡನನ್ನು ಕಿಚಾಯಿಸುತ್ತಾರೆ ಎಡವಟ್ಟಕ್ಕ. ಐದು ಕತ್ತರಿಯಿಂದ ತಿಂಗಳು ಕಳೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಆದರೂ ಕುಲುಮೆಗೆ ಇದ್ದಿಲು ಬೀಳುತ್ತದೆ.

ನಿಮಗೇನಾದರೂ ಆಸೆ ಇದೆಯಾ ಎಂದು ನಾವು ಎಡವಟ್ಟಕ್ಕನನ್ನು ಕೇಳಿದರೆ, ಕಾದ ಕಬ್ಬಿಣದಿಂದ ಕಣ್ಣು ಕೀಳದೆ ನಗುತ್ತಾರೆ.

"ಒಂದಿನ ಆ ಹೊರದೇಶದವ್ರು ನನ್ನ ಕತ್ತರಿ ನೋಡಿ, ಅಲಗೂ ಸೇರಿಸಿ ಸರಿಯಾಗಿ ನಕಲು ಮಾಡ್ಬೇಕು. ಎಡಚರಿಗೆ ಬಟ್ಟೆ ಕತ್ತರಿಸೋ ಕತ್ತರಿ ಸಿಗ್ಲಿ, ಅವ್ರ ಹೆಸರಲ್ಲೇ ಮಾರ್ಕೊಳ್ಳಲಿ."