ಮಡಚದ ಮೊಣಕಾಲು

ಹಿಂದಿನ ದಿನ ಸಂಜೆ ನಾನು ನನ್ನ ಗಂಡನ ಕಾಲನ್ನು ಎಡವಿ ಅರ್ಧ ಬೋಗುಣಿ ಮಜ್ಜಿಗೆ ಚೆಲ್ಲಿದೆ. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಅವರ ಎಡಗಾಲು ಮಡಚುತ್ತಿರಲಿಲ್ಲ. ಎಲ್ಲಿ ಕೂತರೂ ಅದು ಕೋಲಿನಂತೆ ಮುಂದಕ್ಕೆ ಚಾಚಿಕೊಂಡೇ ಇರುತ್ತಿತ್ತು. ನಮ್ಮ ಪಡಸಾಲೆ ಸಣ್ಣದು, ಅಡುಗೆಮನೆಗೆ ಹೋಗುವವರು ಅದನ್ನು ದಾಟಲೇಬೇಕು.

"ಜರಾ ಆ ಕಾಲ ಗ್ವಾಡಿ ಕಡೆ ತಗೋಬಾರ್ದೇನ್ರಿ?" ಅಂದೆ.

"ಕಾಲಿಗೇ ಕೇಳು. ಅದು ನನ್ನ ಮಾತ ಕೇಳೂದು ಬಿಟ್ಟು ಭಾಳ ವರ್ಷ ಆತು," ಅಂದರು.

ನಾನು ನೆಲ ಒರೆಸಿದೆ. ಅವರು ಊಟ ಮಾಡಿದರು. ಟಿವಿ ನೋಡಿ ಮಲಗಿದೆವು. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದವರು ಎದೆ ಹಿಡಿದುಕೊಂಡರು, ಬಸಿ ಕೆಳಗಿಡುವಷ್ಟೂ ಹೊತ್ತಿಲ್ಲದೆ ಹೋಗಿಬಿಟ್ಟರು.

ಇದನ್ನು ಓದುವ ನೀವು ಏನಂದುಕೊಳ್ಳುತ್ತೀರೋ ಗೊತ್ತಿಲ್ಲ. ನಾನು ಮಹಾರಾಷ್ಟ್ರದ ಗಡಿಯೊಳಗಿನ ನಮ್ಮೂರು ಸನಮಡಿಯಲ್ಲಿ, ಆಮೇಲೆ ತಾಲೂಕಿನ ಊರು ಜತ್ತಿನಲ್ಲಿ ಹತ್ತನೆಯವರೆಗೆ ಕನ್ನಡ ಶಾಲೆ ಕಲಿತವಳು. ದೇವರಿಗೆ ಕೈ ಮುಗಿಯುತ್ತೇನೆ, ಪವಾಡಗಳನ್ನು ನಂಬಿದವಳಲ್ಲ. ಯಾರಾದರೂ ಅಂಥ ಕತೆ ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದೆ. ಈಗ ಜನ ನನ್ನ ಮನೆಗೇ ಬಂದು ಕೇಳುತ್ತಾರೆ, ಎದ್ದು ಹೋಗಲು ಇನ್ನೊಂದು ಮನೆಯಿಲ್ಲ. ಹೇಳಿ ಹೇಳಿ ಸಾಕಾಗಿದೆ. ಆದದ್ದನ್ನು ಒಮ್ಮೆ ಆದ ಹಾಗೆ ಬರೆದುಬಿಡುತ್ತೇನೆ.

ಮೊದಲು ಆ ಕಾಲಿನ ವಿಷಯ. ತಮ್ಮನ ಊರು ಬೆಳುಂಕಿಯಿಂದ ಬರುವಾಗ ಬೈಕು ಜಾರಿ ಅವರ ಎಡತೊಡೆಯ ಎಲುಬು ಮುರಿದಿತ್ತು. ಮಿರಜಿನಲ್ಲಿ ಒಳಗೆ ಉಕ್ಕಿನ ಸಲಾಕೆ ಹಾಕಿದರು. ಎಲುಬು ಕೂಡಿತು, ಮೊಣಕಾಲು ಕೈಕೊಟ್ಟಿತು. ತಿಂಗಳುಗಟ್ಟಲೆ ಕಾಲು ಚಾಚಿ ಮಲಗಿದ್ದೇ ತಪ್ಪಾಯಿತು ಎಂದರು ಡಾಕ್ಟರು. ಅಲುಗಾಡಬೇಡಿ ಎಂದು ಮೊದಲು ಹೇಳಿದ್ದೂ ಅವರೇ.

ಜತ್ತಿನಲ್ಲಿ ಒಬ್ಬರು ಫಿಜಿಯೋಥೆರಪಿ ಮೇಡಂ ಇದ್ದಾರೆ. ತೊಡೆಯ ಒಳಗೆ ಏನೇನಿದೆ ಎಂದು ನನಗೆ ತಿಳಿಯುವಂತೆ ಹೇಳಿದವರು ಅವರು. ತೊಡೆಯ ಮುಂಭಾಗದಲ್ಲಿ ನಾಲ್ಕು ಸ್ನಾಯುಗಳಿವೆ. ನಾಲ್ಕೂ ಕೆಳಗೆ ಬರುತ್ತ ಒಂದಾಗಿ, ಮೊಣಕಾಲಿನ ಚಿಪ್ಪನ್ನು ಹಿಡಿದುಕೊಂಡು, ಅದರಾಚೆ ಕೆಳಗಾಲಿನ ಎಲುಬಿಗೆ ಅಂಟಿಕೊಳ್ಳುತ್ತವೆ. ಮೊಣಕಾಲು ಮಡಚುವುದು ತೊಡೆಯ ಹಿಂದಿನ ಸ್ನಾಯುಗಳ ಕೆಲಸ, ಆದರೆ ಮುಂದಿನವು ಸಡಿಲ ಬಿಟ್ಟುಕೊಟ್ಟರೆ ಮಾತ್ರ. ನಮ್ಮವರ ನರಗಳಿಗೆ ಏನೂ ಆಗಿರಲಿಲ್ಲ. ತೊಡೆಯ ಮುಂದೆ ಇಳಿಯುವ ನರ, ಸೊಂಟದಿಂದ ಹಿಂಭಾಗದಲ್ಲಿ ಇಳಿಯುವ ಬೆರಳು ದಪ್ಪದ ನರ, ಎರಡೂ ಚೆನ್ನಾಗಿದ್ದವು. ಮಡಚು ಎಂಬ ಅಪ್ಪಣೆ ಮಿದುಳಿನಿಂದ ಹೋಗುತ್ತಿತ್ತು, ಹಿಂದಿನ ಸ್ನಾಯುಗಳು ಎಳೆಯುತ್ತಲೂ ಇದ್ದವು. ಆದರೆ ಮುಂದಿನ ಸ್ನಾಯು ಮುರಿದ ಜಾಗದಲ್ಲಿ ಎಲುಬಿಗೇ ಅಂಟಿ ಕೂತಿತ್ತು.

ನೀವೂ ಬೇಕಾದರೆ ಕಾಲು ಚಾಚಿ, ತೊಡೆ ಸಡಿಲ ಬಿಟ್ಟು, ಎರಡು ಬೆರಳಿನಿಂದ ಮೊಣಕಾಲಿನ ಚಿಪ್ಪನ್ನು ಅತ್ತಿತ್ತ ಸರಿಸಿ ನೋಡಿ. ನೀರಿನಲ್ಲಿ ಬಿಟ್ಟ ಬಿಲ್ಲೆಯ ಹಾಗೆ ಜಾರುತ್ತದೆ. ಅವರದು ಕೂದಲೆಳೆಯಷ್ಟೂ ಜಾರುತ್ತಿರಲಿಲ್ಲ. ಒಮ್ಮೆ ಮಿರಜಿನ ಡಾಕ್ಟರು ಪೂರ್ತಿ ಅರಿವಳಿಕೆ ಕೊಟ್ಟು, ಮೈಮೇಲೆ ಎಚ್ಚರವಿಲ್ಲದಾಗ ಮಡಚಿ ನೋಡಿದರು. ಆಗಲೂ ಬಗ್ಗಲಿಲ್ಲ. ಇನ್ನಷ್ಟು ಒತ್ತಿದರೆ ಎಲುಬೇ ಮುರಿದೀತು ಎಂದು ಬಿಟ್ಟುಬಿಟ್ಟರು. ಕೊಯ್ದು ಸ್ನಾಯು ಬಿಡಿಸಬಹುದು ಎಂದದ್ದಕ್ಕೆ ಇವರೇ ಒಪ್ಪಲಿಲ್ಲ.

ಆಮೇಲಿನ ವರ್ಷಗಳು ಆ ಕಾಲಿನ ಸುತ್ತಲೇ ಹೋದವು. ಜತ್ತಿನ ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಗಾದಿಯ ಮೇಲೆ ಕೂತವರ ಅಂಗಾಲು ನೇರವಾಗಿ ಗಿರಾಕಿಯ ಮುಖಕ್ಕೆ. ಅದರ ಮೇಲೊಂದು ಟಾವೆಲ್ಲು ಹೊದಿಸುತ್ತಿದ್ದರು. ಹೊಸಬರು ಮಾರಾಟದ ಟಾವೆಲ್ಲೆಂದು ಅದನ್ನೇ ಎತ್ತಿ ಬೆಲೆ ಕೇಳುತ್ತಿದ್ದರು. ಮದುವೆಯ ಪಂಕ್ತಿಯಲ್ಲಿ ಬಡಿಸುವವರು ಸಾರಿನ ಬಕೆಟ್ಟು ಹಿಡಿದು ಅದನ್ನು ಜಿಗಿಯಬೇಕಿತ್ತು. ಬಸ್ಸಿನಲ್ಲಿ ಕಂಡಕ್ಟರು, "ಕಾಕಾ, ಕಾಲಿಗೆ ಬ್ಯಾರೆ ತಿಕೀಟ ತಗೋರಿ," ಎಂದು ನಗೆಯಾಡುತ್ತಿದ್ದ. ಇವರೂ ನಗುತ್ತಿದ್ದರು. ಆ ಸಿಟ್ಟೆಲ್ಲ ಮನೆಗೆ ಬಂದ ಮೇಲೆ ನನಗೆ.

ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ಆ ಮೊಣಕಾಲನ್ನು ಒತ್ತುವವಳು ನಾನೇ. ಎಲ್ಲಿಯವರೆಗೆ ಒತ್ತಬಹುದು, ಎಲ್ಲಿಂದ ಮುಂದೆ ಅವರ ಮುಖ ಹಿಂಡಿಹೋಗುತ್ತದೆ ಎಂಬುದು ನನ್ನ ಅಂಗೈಗೆ ಗೊತ್ತಿತ್ತು.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಪದ್ಮಾಸನದಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕುಣಿ ತೋಡಿ ಅದರ ಗೂಡಿನಲ್ಲಿ ಇರಿಸುತ್ತೇವೆ. ಹಾಗಾಗಿ ಜೀವ ಹೋದ ಕೂಡಲೇ ಮೈ ಸೆಟೆಯುವ ಮೊದಲು ಕಾಲು ಮಡಚಬೇಕು. ಬೆಳುಂಕಿಯಿಂದ ಓಡಿ ಬಂದ ನನ್ನ ಮೈದುನ ಮೊದಲು ಮಾಡಿದ ಕೆಲಸವೇ ಅದು. ಬಲಗಾಲು ಸುಲಭವಾಗಿ ಮಡಚಿತು. ಎಡಗಾಲಿಗೆ ಬಂದಾಗ ಇಬ್ಬರು ಮೊಣಕಾಲು ಒತ್ತಿ ಹಿಡಿದರು, ಅವನು ಹಿಮ್ಮಡಿ ಹಿಡಿದು ಎಳೆಯತೊಡಗಿದ.

"ಬಿಡ್ರೋ ಆ ಕಾಲ!" ಎಂದು ನಾನು ನಡುವೆ ಬಿದ್ದೆ.

"ವೈನಿ, ಈಗೇನ್ ನೂಸತೈತಿ ಅಣ್ಣಗ? ಲಗೂನ ಕುಂದ್ರಸೂಣು, ಆಮ್ಯಾಲ ಆಗೂದಿಲ್ಲ."

"ನೂಸತೈತೋ ಇಲ್ಲೋ ನಿನಗೇನ್ ಗೊತ್ತು? ಒಳಗ ಸಲಾಕಿ ಐತಿ. ಇನ್ನೊಮ್ಮೆ ಕೈ ಹಚ್ಚಿದ್ರ ನೋಡ ಮತ್ತ."

"ಹಂಗಾರ ಕಾಲ ಚಾಚಿಕೊಂಡ ಕೈಲಾಸಕ್ಕ ಹೋಗ್ತಾನೇನ?"

ಓಣಿಯ ಹೆಂಗಸರೂ ಅವನ ಕಡೆಯೇ. ಸತ್ತವರಿಗೆ ನೋವೆಲ್ಲಿಯದು ಎಂದು ನನಗೆ ಬುದ್ಧಿ ಹೇಳಿದರು. ನನಗೆ ಅದು ಗೊತ್ತಿಲ್ಲವೇ? ಗೊತ್ತಿತ್ತು. ಆದರೂ ಆ ಕಾಲಿಗೆ ಇನ್ನೊಮ್ಮೆ ನೋವಾಗಬಾರದು, ಅಷ್ಟೇ ನನಗೆ ಬೇಕಾಗಿದ್ದದ್ದು. ಕೊನೆಗೆ ಕ್ರಿಯೆ ಮಾಡಿಸಲು ಬಂದ ಅಯ್ಯನವರು ಬಾಗಿಲಲ್ಲೇ ನಿಂತು ಜಗಳ ಬಿಡಿಸಿದರು.

"ಇಷ್ಟ ವರ್ಷ ಕಾಲ ಚಾಚೇ ಲಿಂಗಪೂಜಿ ಮಾಡ್ಯಾನ. ಶಿವ ಒಂದಿನಾನೂ ಬೈದಿಲ್ಲ, ಈಗ ಬೈತಾನೇನ? ಹೋಗ್ರಿ, ಕುಣಿ ಉದ್ದ ತಗೀರಿ."

ಸನಮಡಿಯ ನಮ್ಮ ಹೊಲದಲ್ಲಿ ಮೊಣಕಾಲುದ್ದ ಮಣ್ಣು, ಅದರ ಕೆಳಗೆ ಬರೀ ಕಲ್ಲು. ಗಂಡಸರು ಗೊಣಗುತ್ತ ಹಾರೆ ತೆಗೆದುಕೊಂಡು ಹೋದರು. ನಮ್ಮ ಒಬ್ಬಳೇ ಮಗಳು ಸೋಲಾಪುರದಿಂದ ಬರಬೇಕಿತ್ತು, ಅವಳಿಗಾಗಿ ಕಾಯುತ್ತಿದ್ದೆವು. ಅವರನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿ, ಸೊಂಟದಿಂದ ಕೆಳಗೆ ಶಾಲು ಹೊದಿಸಿದ್ದರು. ಚಾಚಿದ ಎಡಗಾಲಿನ ಪಾದ ಶಾಲಿನ ತುದಿಯನ್ನು ಸಣ್ಣ ಡೇರೆಯಂತೆ ಎತ್ತಿ ನಿಲ್ಲಿಸಿತ್ತು. ನಾನು ಪಕ್ಕದಲ್ಲಿ ಕೂತು, ಶಾಲಿನ ಮೇಲಿಂದಲೇ ಅವರ ಮೊಣಕಾಲಿನ ಮೇಲೆ ಕೈ ಇಟ್ಟಿದ್ದೆ. ಮೈದುನ ಮತ್ತೆ ಬಂದು ಏನಾದರೂ ಮಾಡಿಯಾನು ಎಂದು ಎದ್ದಿರಲಿಲ್ಲ. ಚಹಾ ಕುಡಿ ಎಂದು ಕರೆದರೂ ಎದ್ದಿರಲಿಲ್ಲ.

ಮಧ್ಯಾಹ್ನವಾಗಿತ್ತು. ಬಾಗಿಲು ಕಿಟಕಿ ತೆರೆದಿದ್ದವು, ಪಡಸಾಲೆ ತುಂಬ ಬೆಳಕಿತ್ತು, ಎದುರಿಗೆ ಹೆಂಗಸರು ಭಜನೆ ಹೇಳುತ್ತಿದ್ದರು. ಆಗ ನನ್ನ ಅಂಗೈಯ ಕೆಳಗೆ ಚಿಪ್ಪು ಜಾರಿತು.

ನನ್ನ ಕೈಯೇ ಸರಿಯಿತೆಂದುಕೊಂಡೆ. ಕೈ ಇದ್ದಲ್ಲೇ ಇತ್ತು. ಚಿಪ್ಪಿನ ಮೇಲುಗಡೆ, ಇಷ್ಟು ವರ್ಷ ಹಲಗೆಯಂತಿದ್ದ ಜಾಗದಲ್ಲಿ, ನಾದಿದ ಹಿಟ್ಟು ಹಿಗ್ಗುವಂತೆ ಏನೋ ಮೆಲ್ಲಗೆ ಹಿಗ್ಗುತ್ತ ಹೋಯಿತು. ಮೊಣಕಾಲು ಕೈಯೊಳಗೆ ದುಂಡಗಾಯಿತು. ನಾನು ಶಾಲಿನ ತುದಿಯತ್ತ ನೋಡಿದೆ. ಅಲ್ಲಿದ್ದ ಡೇರೆ ಮೆಲ್ಲಗೆ ನಮ್ಮ ಕಡೆಗೆ ಸರಿಯುತ್ತ ಬಂದು, ಆಮೇಲೆ ಕಾಣಲಿಲ್ಲ. ಅಲ್ಲಿ ಶಾಲು ನೆಲಕ್ಕೆ ಹತ್ತಿ ಮಲಗಿತ್ತು. ಭಜನೆ ನಿಂತಿರಲಿಲ್ಲ. ಯಾರೂ ಈ ಕಡೆ ನೋಡಿರಲಿಲ್ಲ. ನಾನು ಯಾರನ್ನೂ ಕರೆಯಲಿಲ್ಲ, ಕೈಯನ್ನೂ ತೆಗೆಯಲಿಲ್ಲ.

ಮಗಳು ಬಂದು ಅತ್ತು ಸಮಾಧಾನವಾದ ಮೇಲೆ ಸ್ನಾನ ಮಾಡಿಸಲು ಶಾಲು ತೆಗೆದರು. ಎಡಗಾಲು ಪೂರ್ತಿ ಮಡಚಿ ಬಲತೊಡೆಯ ಮೇಲೆ ಕೂತಿತ್ತು. ಹಳೆಯ ಹೊಲಿಗೆಯ ಗುರುತು ಬಿರಿದಿರಲಿಲ್ಲ, ಎಲ್ಲೂ ಕಂದಿರಲಿಲ್ಲ. ಅದೇ ಹೊತ್ತಿಗೆ ಮೈಯ ಉಳಿದ ಭಾಗವೆಲ್ಲ ಸೆಟೆದಿತ್ತು. ಲಿಂಗವಿಡಲು ಎಡಗೈಯ ಬೆರಳು ಬಿಡಿಸುವುದಕ್ಕೆ ಅಯ್ಯನವರು ಬೆವರು ಸುರಿಸಿದರು.

ಕಿರಿಕಿರಿ ಶುರುವಾದದ್ದು ಆಮೇಲೆ. ಹೊಲದಲ್ಲಿ ಕುಣಿ ತೋಡಿದವರಿಗೆ ಸಿಟ್ಟು. "ಕಲ್ಲಾಗ ಹಡ್ಡಿ ಕೈ ಬೊಬ್ಬಿ ಎದ್ದಾವು, ಮೊದಲ ಹೇಳಾಕ ಏನಾಗಿತ್ತ?" ಎಂದು ನನ್ನನ್ನೇ ಕೇಳಿದರು. ಕಾಲಿಗೆಂದು ತೋಡಿದ ಜಾಗಕ್ಕೆ ವಿಭೂತಿ ಗಟ್ಟಿ ತುಂಬಿದರು. ಮೈದುನ ತಾನು ಎಳೆದದ್ದರಿಂದಲೇ ಸಡಿಲವಾಯಿತು ಎನ್ನುತ್ತಾನೆ. ಇವರ ಸೋದರಮಾವ, "ಇಷ್ಟ ದಿನ ಸೋಂಗ ಹಾಕಿದ್ನೋ ಏನೋ," ಎಂದು ದಿನಕರ್ಮದ ಊಟದಲ್ಲಿ ಹೋಳಿಗೆ ತಿನ್ನುತ್ತ ಅಂದರು. ಊರಿನ ಕೆಲವರಿಗೆ ಈಗ ಇವರು ಶರಣರು. ಪರವೂರಿನವರೂ ಬಂದು ಫೋಟೋದ ಪಾದಕ್ಕೆ ನಮಸ್ಕಾರ ಮಾಡಬೇಕು ಅನ್ನುತ್ತಾರೆ. ಫೋಟೋದಲ್ಲಿ ಇರುವುದು ಎದೆಯ ತನಕ. ಹೊಲದಲ್ಲಿ ಗದ್ದುಗೆ ಕಟ್ಟಿಸುವ ಮಾತೂ ಎದ್ದಿದೆ. ಉಪ್ಪು ಹೆಚ್ಚಾದರೆ ತಾಟು ತಳ್ಳುತ್ತಿದ್ದ ಮನುಷ್ಯ ಅವರು. ಹಾಗೆಂದು ಹೇಳಿದರೆ ಯಾರಿಗೂ ಬೇಡ.

ಜತ್ತಿನ ಮೇಡಂ ಹತ್ತಿರ ಹೋಗಿ ಕೇಳಿದೆ. ಜೀವ ಹೋದ ಮೇಲೆ ಸ್ನಾಯುಗಳು ಸಡಿಲವಾಗುತ್ತವೆ ಎಂದರು. ಅರಿವಳಿಕೆ ಕೊಟ್ಟಾಗಲೂ ಸಡಿಲವಾಗಿತ್ತಲ್ಲ, ಆಗ ಯಾಕೆ ಬಗ್ಗಲಿಲ್ಲ ಎಂದೆ. ಅಂಟಿದ ಸ್ನಾಯು ಎಲುಬನ್ನು ಬಿಟ್ಟದ್ದು ಹೇಗೆ? ಬೆರಳು ಸೆಟೆದ ಮೈಯಲ್ಲಿ ಮೊಣಕಾಲು ಒಂದೇ ಸಡಿಲವಾದದ್ದು ಹೇಗೆ? ಅವರು ಗೋಡೆಯ ಮೇಲಿನ ಸ್ನಾಯುಗಳ ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು. "ಅಕ್ಕಾ, ನೀವು ಭಾಳ ದಣದೀರಿ, ಮನಿಗೆ ಹೋಗಿ ಮಲಕೋರಿ," ಎಂದರು. ನಾನು ದಣಿದದ್ದು ನಿಜ. ಕೇಳಿದ್ದಕ್ಕೆ ಉತ್ತರ ಅದಲ್ಲ.

ಇಷ್ಟೆಲ್ಲ ಕಾರಣ ಹೇಳುವವರಲ್ಲಿ ಒಬ್ಬರಾದರೂ ನನಗೆ ಬೇಕಾದ್ದನ್ನು ಹೇಳಿಲ್ಲ. ಕಾಲು ಮಡಚಿದ್ದು ಹೇಗೆ ಎಂಬುದು ಅವರ ಚಿಂತೆ. ಅದು ಮಡಚುವಾಗ ನಾನು ನೋಡುತ್ತಿದ್ದದ್ದು ಶಾಲಿನ ತುದಿಯನ್ನು, ಅವರ ಮುಖವನ್ನಲ್ಲ. ಅವರಿಗೆ ನೋವಾಯಿತೋ ಇಲ್ಲವೋ, ನನಗೆ ಇನ್ನೂ ಗೊತ್ತಿಲ್ಲ.