ಏಳು ಗಂಟಿನ ಕ್ಯಾಮೆರಾ

ಗಂಡನ ಕ್ಯಾಮೆರಾ ಹೊರುವುದಕ್ಕಿಂತ ಕೈಗೂಸು ಹೊರುವುದೇ ವಾಸಿ. ಕೂಸು ಬಿದ್ದರೆ ಅಳುತ್ತದೆ. ಇದು ಬಿದ್ದರೆ ನಾವು ಅಳಬೇಕು. ನಾನು ಓದಿದ್ದು ಎರಡೇ ಇಯತ್ತೆ, ಫೋಟೋದ ವಿದ್ಯೆ ನನಗೆ ತಿಳಿಯದು. ಆದರೆ ನೀರು, ಮೇವು, ಬುತ್ತಿ, ಮಕ್ಕಳು ಎಲ್ಲವನ್ನೂ ಹೊತ್ತವಳು. ಹೊರುವ ವಿದ್ಯೆ ಬರುತ್ತದೆಂದು ನನಗೆ ಜಂಬವಿತ್ತು.

ಆಳಂದದಲ್ಲಿ ಮಾಸ್ತರರಾಗಿದ್ದ ನಮ್ಮ ಯಜಮಾನರು ಅದನ್ನು ಹೈದರಾಬಾದಿನಿಂದ ತಂದ ಹೊಸದರಲ್ಲಿ, ಕಂಡದ್ದನ್ನು ಕಂಡಕೂಡಲೇ ತೆಗೆಯಬೇಕೆಂದು ಬರೀ ಹೆಗಲಿಗೆ ತೂಗುಹಾಕಿಕೊಂಡು ಬಂಡಿಯಲ್ಲಿ ಕೂರುತ್ತಿದ್ದರು. ನಿಂಬರ್ಗಾದ ಹಾದಿಯಲ್ಲಿ ಗಾಲಿ ಕುಣಿಗೆ ಇಳಿಯಿತು, ಕ್ಯಾಮೆರಾ ತೊಗರಿ ಹೊಲಕ್ಕೆ ಇಳಿಯಿತು. ಒಡೆದ ಗಾಜು ಬದಲಾಗಿ ಬರಲು ಆರು ತಿಂಗಳು.

ಮುಂದಿನ ಸಲ ಕಟ್ಟುವ ಕೆಲಸ ನಾನೇ ವಹಿಸಿಕೊಂಡೆ. ಅಫಜಲಪುರದ ಆಚೆ, ಭೀಮಾ ಹೊಳೆ ದಾಟಿಸಿ ನನ್ನ ಅವ್ವನನ್ನು ಅವಳ ಊರಿಗೆ ಕಳಿಸಬೇಕಿತ್ತು. ಅವಳದೊಂದೂ ಫೋಟೋ ಇರಲಿಲ್ಲ. ಮೂರು ವರ್ಷ ಗೋಗರೆದ ಮೇಲೆ ಒಂದೇ ಒಂದಕ್ಕೆ ಒಪ್ಪಿದ್ದಳು. ಮನೆಯಂಗಳ ಸಾಲದು, ಹೊಳೆಯ ಬೆಳಕೇ ಬೇಕೆಂದು ಇವರ ಹಟ. ಕ್ಯಾಮೆರಾವನ್ನು ಕೌದಿಯಲ್ಲಿ ಸುತ್ತಿ, ಬುತ್ತಿಯ ಬುಟ್ಟಿಯಲ್ಲಿಟ್ಟು, ಹಗ್ಗದಿಂದ ಏಳು ಗಂಟು ಬಿಗಿದೆ.

ಹೊಳೆ ದಂಡೆಯಲ್ಲಿ ಅವ್ವ ಸೆರಗು ಸರಿಮಾಡಿಕೊಂಡು ನಿಂತಳು. ಇವರು ಗಂಟಿನ ಮುಂದೆ ಕುಕ್ಕರಗಾಲಲ್ಲಿ ಕುಳಿತರು.

"ಇದೇನ್ ಕ್ಯಾಮೆರಾ ಅದನೋ, ಬಿಗದ್ ಕಟ್ಟಿದ ಹತ್ತಿ ಅಂಡಿಗಿ ಅದನೋ?"

"ಒಡದ್ರೂ ಬೈತೀರಿ, ಒಡೀದಂಗ ಕಟ್ಟಿದ್ರೂ ಬೈತೀರಿ! ಹಲ್ಲಿಲೆ ಜಗ್ರಿ," ಎಂದೆ.

ಹರಗೋಲಿನವ ಕೂಗಿದ: "ಮಳಿ ಮಾಡ ಆಗ್ಯಾದ ಯವ್ವಾ, ಬರ್ತೀರೋ ಇಲ್ಲೋ?"

"ಅಳಿಯಾರ, ಮುಂದಿನ ಸಲ ತಗೀರಿ. ನಾ ಎಲ್ಲಿ ಹೋಗ್ತೇನಿ?" ಎಂದು ಅವ್ವ ಹರಗೋಲು ಏರಿದಳು. ಏರುವಾಗ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಬೀಸುವಾಗ, ಕಳೆ ಕೀಳುವಾಗ, ಹೊಳೆ ದಾಟುವಾಗ ಅದು ಅಲ್ಲೇ ಇತ್ತು. ಒಮ್ಮೆಯೂ ಬೀಳಲಿಲ್ಲ, ಪೂಜೆಗೆ ತೆಗೆಯಲು ತಡವೂ ಆಗಲಿಲ್ಲ. ಅಂಥದೇ ಕರಡಿಗೆ ನನ್ನ ಕೊರಳಲ್ಲೂ ಇತ್ತು, ಇವರ ಕೊರಳಲ್ಲೂ ಇತ್ತು. ಕ್ಯಾಮೆರಾವನ್ನೂ ಹಾಗೇ ಹೊರಬಹುದೆಂದು ಇಬ್ಬರಿಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಏಳನೆಯ ಗಂಟು ಬಿಚ್ಚುವಷ್ಟರಲ್ಲಿ ಹರಗೋಲು ನಡುಹೊಳೆಯಲ್ಲಿತ್ತು. ಆದರೂ ತೆಗೆದರು. ಮುಂದಿನ ಸಲಕ್ಕೆ ಅವ್ವ ಉಳಿಯಲಿಲ್ಲ.

ಆಮೇಲೆ ದಪ್ಪ ಬಟ್ಟೆಯ ಚೀಲ ಹೊಲಿದೆ, ಒಂದೇ ಗುಂಡಿ. ಇವರ ಕೊರಳಿಗೆ ಹಾಕಿ, ಎದೆಗೆ ಒತ್ತಿ, ಮೇಲೆ ಕೋಟು ಮುಚ್ಚಿದೆ. ಜೇವರ್ಗಿ, ಯಡ್ರಾಮಿ ಎಲ್ಲ ತಿರುಗಿ ಬಂದರೂ ಕ್ಯಾಮೆರಾಕ್ಕೆ ಒಂದು ಗೀರು ಬೀಳಲಿಲ್ಲ. ಎಮ್ಮೆ, ಎತ್ತು, ಊರ ಗೌಡರ ಮೀಸೆ, ಎಲ್ಲದರ ಫೋಟೋ ಮನೆಯಲ್ಲಿವೆ.

ಅವ್ವನದು? ತುಂಬಾ ನೀರು, ನಡುವೆ ಒಂದು ಬಿಳಿ ಚುಕ್ಕೆ. ಮೊಮ್ಮಕ್ಕಳು ಕೊಕ್ಕರೆ ಎನ್ನುತ್ತಾರೆ. ನಾನು ಅವ್ವ ಎನ್ನುತ್ತೇನೆ. ಗಂಟು ಹಾಕಿದವಳು ನಾನೇ ಆದ್ದರಿಂದ ಹೆಚ್ಚು ವಾದಿಸುವುದಿಲ್ಲ.