ಸಂಘದ ಆಣೆ ಮುರಿದ ಬೆಳಿಗ್ಗೆ

ಕೋಗಿಲಿನಲ್ಲಿ ನಮ್ಮ ದ್ರಾಕ್ಷಿ ತೋಟವಿದ್ದ ಕಾಲದಲ್ಲಿ ಊರಿನ ಹನ್ನೊಂದು ಮನೆಯವರು ಸೇರಿ ರೈತರ ಸಂಘ ಕಟ್ಟಿಕೊಂಡಿದ್ದರು. ಅಪ್ಪನೇ ಅಧ್ಯಕ್ಷ. ಔಷಧಿ ಹೊಡೆಯುವ ಯಂತ್ರ, ಬೋರ್‌ವೆಲ್ಲು ಎರಡೂ ಎಲ್ಲರಿಗೂ ಸೇರಿದ್ದವು. ಒಬ್ಬರ ಮನೆಯಲ್ಲಿ ಸಾವಾದರೆ ಉಳಿದವರು ಆ ತೋಟಕ್ಕೆ ನೀರು ಹಾಯಿಸುತ್ತಿದ್ದರು. ಸುತ್ತ ಲೇಔಟುಗಳು ಏಳತೊಡಗಿದಾಗ, ಒಬ್ಬರನ್ನೊಬ್ಬರು ಕೇಳದೆ ಯಾರೂ ಜಮೀನು ಮಾರುವುದಿಲ್ಲವೆಂದು ಎಲ್ಲರೂ ಆಣೆ ಮಾಡಿದರು.

ಅದನ್ನು ಮೊದಲು ಮುರಿದವರು ಅಪ್ಪನ ಜೀವದ ಗೆಳೆಯ. ನಾನು ಅವರನ್ನು ದೊಡ್ಡಪ್ಪ ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ಜೆಸಿಬಿ ಬಂದು ಅವರ ತೋಟದ ಕಲ್ಲುಕಂಬಗಳನ್ನು ಉರುಳಿಸತೊಡಗಿತು. ಗೊಂಚಲು ತುಂಬಿದ ಬಳ್ಳಿಗಳು ತಂತಿಯ ಸಮೇತ ಕಿತ್ತುಬಂದವು. ಸಂಘದವರು ಓಡಿಬಂದು ಕಲ್ಲು ತೂರಿದರು. ಗಾಜು ಒಡೆದು, ಡ್ರೈವರ್ ರಕ್ತ ಸುರಿಯುತ್ತಿದ್ದ ಮುಖ ಹಿಡಿದುಕೊಂಡು ರಸ್ತೆಗೆ ಓಡಿದ. ಮತ್ತೆ ಕಲ್ಲು ಬೀಳದಂತೆ ದೊಡ್ಡಪ್ಪ ಜೆಸಿಬಿಗೆ ಅಡ್ಡ ನಿಂತರು.

"ಇಬ್ರು ಮಕ್ಳೂ ಸೈನ್ ಆಕವ್ರೆ, ನಾನೊಬ್ನೇ ಏನ್ ಮಾಡ್ಲಿ?"

"ನನ್ಗೊಂದ್ ಮಾತು ಏಳ್ಬೇಕು ಅನ್ನಿಸ್ಲಿಲ್ವೇನೋ?" ಎಂದ ಅಪ್ಪ.

"ಏಳಿದ್ರೆ ನೀನು ಬುಡ್ತಿದ್ಯಾ?"

ಅಪ್ಪನ ಕೈಯಲ್ಲಿ ಹಾರೆಯಿತ್ತು. ಮೊದಲ ಏಟು ದೊಡ್ಡಪ್ಪನ ಮೊಣಕೈಗೆ ಬಿತ್ತು. ಮೂಳೆ ಮುರಿದ ಸದ್ದು ಬೇಲಿಯ ಹತ್ತಿರ ನಿಂತಿದ್ದ ನನಗೂ ಕೇಳಿಸಿತು. ಎರಡನೆಯದು ಭುಜಕ್ಕೆ. ಮೂರನೆಯದಕ್ಕೆ ಎತ್ತಿದಾಗ ನಾನು ಓಡಿಹೋಗಿ ಹಾರೆಗೆ ಜೋತುಬಿದ್ದೆ. ಅಪ್ಪ ನನ್ನನ್ನು ಒದ್ದು ಕೆಡವಿದ. ಸಂಘದವರು ಸುಮ್ಮನೆ ನೋಡುತ್ತಿದ್ದರು. ಒಬ್ಬನಂತೂ "ಆಕಣ್ಣಾ ಇನ್ನೊಂದು" ಎಂದು ಕೂಗಿದ. ಅಪ್ಪ ಹಾರೆ ಬಿಸಾಡಿ ಹೊರಟುಹೋದ.

ದೊಡ್ಡಪ್ಪನನ್ನು ನಾನೇ ಆಟೋದಲ್ಲಿ ಯಲಹಂಕದ ಆಸ್ಪತ್ರೆಗೆ ಕರೆದೊಯ್ದೆ. ಅವರ ರಕ್ತಕ್ಕೆ ನನ್ನ ದುಪಟ್ಟಾ ಪೂರ್ತಿ ತೊಯ್ದಿತ್ತು. ಏನಾಯಿತೆಂದು ಪೊಲೀಸರು ಎರಡು ಸಲ ಕೇಳಿದರು.

"ಕಂಬ ಬಿತ್ತು ಸಾರ್" ಎಂದರು ದೊಡ್ಡಪ್ಪ, ಎರಡು ಸಲವೂ.

ಮನೆಗೆ ಬಂದು ಅದನ್ನು ಹೇಳಿ, "ಒಂದ್ಸಲ ಹೋಗಿ ನೋಡ್ಕೊಂಡ್ ಬಾರಪ್ಪಾ" ಎಂದೆ. ಅಪ್ಪ ನನ್ನ ಕೆನ್ನೆಗೆ ಬಾರಿಸಿದ. ಆಮೇಲೆ ತನ್ನ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳತೊಡಗಿದ. ಅಮ್ಮನೂ ನಾನೂ ಸೇರಿ ಎಳೆದು ಕೂರಿಸುವಷ್ಟರಲ್ಲಿ ಹಣೆ ಒಡೆದಿತ್ತು.

ಎರಡು ವರ್ಷದೊಳಗೆ ಸಂಘದವರೆಲ್ಲ ಮಾರಿದರು. ಕೊನೆಗೆ ನಾವೂ ಮಾರಿದೆವು. ದೊಡ್ಡಪ್ಪನ ಕೈ ಮಾತ್ರ ನೆಟ್ಟಗಾಗಲಿಲ್ಲ.

ಹೋದ ವರ್ಷ ಅಪ್ಪ ತಾನಾಗಿಯೇ ಹೊರಟ. ಅಮೃತಹಳ್ಳಿಯಲ್ಲಿರುವ ದೊಡ್ಡಪ್ಪನ ಹೊಸ ಮನೆಗೆ ಕಾರಿನಲ್ಲಿ ಕರೆದುಕೊಂಡು ಹೋದೆ. ಬಾಗಿಲು ತೆರೆದ ಅವರು ಅಪ್ಪನನ್ನು ಒಳಗೆ ಕರೆಯಲಿಲ್ಲ.

"ಪೊಲೀಸ್ನೋರ್ಗೆ ಸುಳ್ಳೇಳಿದ್ದು ನಿನ್ ಮಗಳ್ ಮುಖ ನೋಡಿ. ನಿನ್ ಮುಖ ನೋಡಾಕ್ ನನ್ ಕೈಲಾಗಕಿಲ್ಲ. ಓಗು."

ಅಪ್ಪ ಕಾರಿಗೆ ವಾಪಸು ಬಂದು ಕುಳಿತ. ಹೊರಡೋಣವೇ ಎಂದೆ.

"ಸ್ವಲ್ಪೊತ್ತು ಇಲ್ಲೇ ಇರಾಣ" ಎಂದ.